ಎರಡು ದೀಪದ ಮನೆ

ನವೆಂಬರ್ 4

ಬೆಳಗ್ಗೆಯಿಂದ ಮೂರನೇ ಸಾಲಿನ ಮನೆಗಳ ಕಿಟಕಿ ಕೆಲಸ. ಹಳೇ ರಬ್ಬರ್ ಕಿತ್ತು ಹೊಸದು ತುರುಕಿದ್ದು. ಚೌಕಟ್ಟಿನ ಸಂದಿಗೆಲ್ಲ ಟೇಪು. ಬೆರಳ ತುದಿಯೆಲ್ಲ ಅಂಟು. ಚಳಿ ಇಳಿಯುವ ಮೊದಲು ಇಡೀ ಬಡಾವಣೆ ಮುಗಿಯಬೇಕು. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಅದು ಕಳ್ಳತನವೇ, ಎಲ್ಲರ ಪಾಲಿನ ಬಿಸಿ ಕದ್ದ ಹಾಗೆ. ಹಾಗಂದರೆ ಗಾಳಿಯಣ್ಣ ನಗುತ್ತಾನೆ. ಮನೆಮನೆಯ ಗಾಳಿಯಂತ್ರ ನೋಡಿಕೊಳ್ಳುವವನು, ಅವನಿಗೆ ನಗುವುದಕ್ಕೆ ಪುರುಸೊತ್ತಿದೆ.

“ಕರಪತ್ರ, ನೀನು ಹೀಗೇ ಮಾತಾಡ್ತಾ ಇರು. ಹೀಟರೇ ಬೇಡ, ಮನೆ ತಾನಾಗೇ ಬಿಸಿಯಾಗುತ್ತೆ.”

ನಾನು ಕರಪತ್ರ ಬರೆದು ಹಂಚುತ್ತೇನೆಂದು ಈ ಹೆಸರಿಟ್ಟವನೂ ಅವನೇ. ಈಗ ಸಣ್ಣ ಮಕ್ಕಳೂ ಹಾಗೇ ಕರೆಯುತ್ತವೆ. ಇರಲಿ. ಓದದೆ ಬಿಸಾಡುವವರಿಗಿಂತ ಓದಿ ನಗುವವರು ವಾಸಿ.

ಸಂಜೆ ಮನೆಗೆ ಬಂದೆ. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಹಸಿರು ದೀಪ ಆಗಲೇ ಉರಿಯುತ್ತಿತ್ತು. ಒಳಗಿರುವವರ ಉಸಿರು, ಮೈಬಿಸಿ ಅಳೆದು ತಲೆಗೊಂದು ದೀಪ ಹಚ್ಚುವ ಪೆಟ್ಟಿಗೆ ಅದು. ನಾನು ಒಳಗೆ ಬಂದು ಸ್ವಲ್ಪ ಹೊತ್ತಿಗೆ ಎರಡಾಯಿತು.

ಚಿಕ್ಕಮ್ಮ ತೀರಿಹೋಗಿ ತಿಂಗಳಾಗುತ್ತ ಬಂತು. ಪೆಟ್ಟಿಗೆಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ನವೆಂಬರ್ 6

ಪೆಟ್ಟಿಗೆ ಕೆಟ್ಟಿರಬೇಕು. ಗೋಡೆ ದಪ್ಪ, ಬಿಸಿ ಹಿಡಿದಿಟ್ಟುಕೊಳ್ಳುತ್ತದೆ — ಅದೂ ಒಂದು ಕಾರಣ ಇರಬಹುದು. ಇಲ್ಲಿನ ಮನೆಗಳಿಗೆ ಒಲೆಯ ಬಿಸಿ, ಬಿಸಿಲು, ಜನರ ಮೈಬಿಸಿ, ಇಷ್ಟೇ ಆಸರೆ. ಇಬ್ಬರಿಗೆಂದು ಕಟ್ಟಿದ ಮನೆಯಲ್ಲಿ ಇಬ್ಬರಿದ್ದರೆ ಹೀಟರ್ ಹಚ್ಚುವುದೇ ಬೇಡ. ಒಬ್ಬರೇ ಇದ್ದರೆ ಚಳಿಗಾಲವಿಡೀ ಹಚ್ಚಬೇಕು, ಎಲ್ಲರ ಪಾಲಿನ ಕರೆಂಟಿನಿಂದ. ಅದಕ್ಕೇ ನಿಯಮ: ಇಬ್ಬರ ಮನೆಯಲ್ಲಿ ಒಬ್ಬರೇ ಉಳಿದರೆ ಅವರು ಕೊನೆಯ ಸಾಲಿನ ಒಂಟಿ ಮನೆಗೆ ಹೋಗತಕ್ಕದ್ದು. ಯಾರು ಎಲ್ಲಿದ್ದಾರೆ ಎಂಬುದನ್ನು ಪೆಟ್ಟಿಗೆ ಹೇಳತಕ್ಕದ್ದು, ಬಾಯಿ ಅಲ್ಲ. ಜನ ಸುಳ್ಳು ಹೇಳುತ್ತಾರೆ. ಇಲ್ಲದ ಅತ್ತೆ, ಬಾರದ ತಮ್ಮ, ಎಲ್ಲರನ್ನೂ ಲೆಕ್ಕಕ್ಕೆ ಸೇರಿಸಿ ಮನೆ ಹಿಡಿದುಕೊಂಡು ಕೂತಿರುತ್ತಿದ್ದರು.

ಹೋದ ವರ್ಷ ಸಭೆಯಲ್ಲಿ ಇದಕ್ಕಾಗಿ ಗಂಟಲು ಹರಿದುಕೊಂಡವಳು ನಾನು. ಕೈಯಾರೆ ಬರೆದು ಅಚ್ಚು ಹಾಕಿಸಿ ಹಂಚಿದ್ದೆ: *ಮನೆ ಯಾರದ್ದು? ಅದರೊಳಗೆ ಯಾರ ಉಸಿರಿದೆಯೋ ಅವರದ್ದು.* ಚಿಕ್ಕಮ್ಮ ಅದನ್ನು ಓದಿ, “ಹಾಗಾದ್ರೆ ಜಿರಲೆಗೂ ಒಂದು ಪಾಲು ಕೊಡೇ” ಅಂದಿದ್ದಳು.

ಹೋಗಲು ನಾನು ತಯಾರು. ಸಭಾಮನೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಬೇಕರಿಯವಳು, ಅವಳ ಗಂಡ ಬಡಗಿ, ಕೂಸು — ಮೂವರು ಇದ್ದಾರೆ. ಮನೆ ಖಾಲಿಯಾಗಲೆಂದು ಬೇಸಿಗೆಯಿಂದ ಕಾಯುತ್ತಿದ್ದಾರೆ. ಗೋಡೆ ಬೆವರುತ್ತದೆ. ಕೂಸಿಗೆ ಕೆಮ್ಮು ಹತ್ತಿದೆ. ದಾರಿಯಲ್ಲಿ ಹೋಗುವಾಗ ಕೇಳಿಸುತ್ತದೆ, ಒಣ ಕೆಮ್ಮು, ಪುಟ್ಟ ನಾಯಿ ಬೊಗಳಿದ ಹಾಗೆ. ನಾನು ನನ್ನ ಮಾತಿಗೆ ನಿಲ್ಲುವವಳು. ಭಾನುವಾರ ಸಭೆಯಲ್ಲಿ ಹೇಳಿಬಿಡುತ್ತೇನೆ.

ನವೆಂಬರ್ 9, ಸಂಜೆ

ಎಂಥ ನಗೆಪಾಟಲು!

ಎದ್ದು ನಿಂತು ಹೇಳಿದೆ, ಚಿಕ್ಕಮ್ಮ ಇಲ್ಲ, ನಾನು ಒಂಟಿ ಮನೆಗೆ ಹೋಗುತ್ತೇನೆ ಎಂದು. ಟೀಚರಮ್ಮ ಸಭೆಯ ಅಧ್ಯಕ್ಷೆ. ಮೂಗಿನ ಮೇಲೆ ಕನ್ನಡಕ ಇಳಿಸಿ ಗೋಡೆಯ ಬೋರ್ಡ್ ನೋಡಿದರು. ಎಲ್ಲ ಮನೆಗಳ ದೀಪವೂ ಅಲ್ಲಿ ಕಾಣುತ್ತದೆ.

“ನಿನ್ನ ಮನೇಲಿ ಇಬ್ಬರು ಅಂತ ಇದೆಯಲ್ಲಮ್ಮ. ತಿಂಗಳಿಡೀ ಇಬ್ಬರೇ.”

“ಪೆಟ್ಟಿಗೆ ಕೆಟ್ಟಿದೆ ಟೀಚರ್.”

“ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಸಾಲಿನ ತಾತನೂ ಇದೇ ಮಾತು ಹೇಳಿದ್ರು. ಪೆಟ್ಟಿಗೆ ಕೆಡಲ್ಲ, ಮನುಷ್ಯರು ಕೆಡ್ತಾರೆ ಅಂತ ನೀನೇ ಎದ್ದು ನಿಂತು ಕೂಗಿದ್ದೆ.”

ಹಿಂದಿನಿಂದ ಯಾರೋ: “ಯಾರೇ ಅವನು, ಕರಪತ್ರ? ಊಟ ತಿಂಡಿಗಾದ್ರೂ ಹೊರಗೆ ಬಿಡೇ ಅವನನ್ನ!” ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬೇಕರಿಯವಳು ಮಾತ್ರ ನಗಲಿಲ್ಲ. ಬೋರ್ಡನ್ನೇ ನೋಡುತ್ತಿದ್ದಳು. ಅವಳ ಹೆಗಲ ಮೇಲೆ ಕೂಸು ಕೆಮ್ಮಿತು.

ಪೆಟ್ಟಿಗೆ ಹೇಳುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಯಾರನ್ನೂ ಸೇರಿಸುವಂತಿಲ್ಲ. ಹಾಗೆಂದು ಬರೆದವಳು ನಾನೇ. ನಾಳೆ ಗಾಳಿಯಣ್ಣ ಬಂದು ನೋಡುತ್ತಾನೆ.

ನವೆಂಬರ್ 10

ಹೊಸ ಪೆಟ್ಟಿಗೆ ಹಾಕಿದ. ಎರಡು ದೀಪ, ನಾನು ಮತ್ತು ಅವನು. ಸರಿಯಾಯಿತು ಎಂದುಕೊಂಡೆ. ಆಮೇಲೆ ನೋಡಿದರೆ ಮೂರು.

“ನೀನು ಹೊರಗೆ ಹೋಗು” ಅಂದ. ಹೋದೆ. ತುಂಬ ಹೊತ್ತು ಬಾಗಿಲು ತೆರೆಯಲಿಲ್ಲ. ಗಾಜಿನಿಂದ ನೋಡಿದೆ, ಕೋಣೆಯ ನಡುವೆ ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ನಿಂತಿದ್ದಾನೆ. ಹೊರಗೆ ಬಂದಾಗ ನಗುತ್ತಿದ್ದ. ಆದರೆ ಅದು ಅವನ ನಗು ಅಲ್ಲ.

“ಎರಡು ಕಣೇ. ನಾನೊಬ್ಬನೇ ಇದ್ದೆ. ಸ್ವಲ್ಪ ದಪ್ಪ ಆಗಿದೀನಿ ಅಂತ ಹೆಂಡತಿ ಹೇಳ್ತಿದ್ಲು…”

“ತಮಾಷೆ ಬೇಡ ಅಣ್ಣ.”

ಹೊಗೆಕಡ್ಡಿ ತೆಗೆದ. ಸಂದಿ ಹುಡುಕಲು ನಾವು ಬಳಸುವುದು. ಗಾಳಿಯಂತ್ರ ನಿಲ್ಲಿಸಿ, ಕಡ್ಡಿ ಹಚ್ಚಿ, ಗೋಡೆಗುಂಟ ಹಿಡಿದು ಹೋಗುವುದು. ಎಲ್ಲಿ ಹೊಗೆ ಬಾಗುತ್ತದೋ ಅಲ್ಲಿ ಸೋರಿಕೆ. ಈ ಮನೆಯ ಟೇಪೆಲ್ಲ ನನ್ನದೇ ಕೈಕೆಲಸ. ಎಲ್ಲಿಯೂ ಬಾಗಲಿಲ್ಲ. ನೂಲು ಹಿಡಿದಂತೆ ನೆಟ್ಟಗೆ ಮೇಲಕ್ಕೆ ಹೋಯಿತು. ಹೊಲಿಗೆ ಯಂತ್ರದ ಹತ್ತಿರ ಹೋದ. ಚಿಕ್ಕಮ್ಮನ ಕುರ್ಚಿ ಅಲ್ಲೇ ಇದೆ. ಕೊನೆಯ ದಿನ ಅಲ್ಲೇ ಕೂತು ಹೊಲಿಯುತ್ತಿದ್ದಳು, ತಲೆ ಯಂತ್ರಕ್ಕೆ ಒರಗಿಸಿದ್ದಳು, ದಣಿದು ಮಲಗಿದ್ದಾಳೆ ಅಂತಲೇ ನಾನು…

ಅಲ್ಲಿ ಹೊಗೆ ಕುರ್ಚಿಯ ಕಡೆ ಬಾಗಿತು. ನಿಂತಿತು. ಆ ಕಡೆಯಿಂದ ತಳ್ಳಿದಂತೆ ಈಚೆ ಬಂತು. ಮತ್ತೆ ಬಾಗಿತು. ಮತ್ತೆ ಈಚೆ. ಅವಸರವಿಲ್ಲ.

ಗಾಳಿಯಣ್ಣ ಕಡ್ಡಿ ನಂದಿಸಿದ. “ಸೋರಿಕೆ ಅಲ್ಲ ಇದು” ಅಂದ. ಸಾಮಾನು ಬ್ಯಾಗಿಗೆ ತುಂಬಿದ. ಹೊಸ್ತಿಲ ಹೊರಗೆ ಹೋಗಿ ಬೂಟು ಹಾಕಿಕೊಂಡ. ಅಲ್ಲಿಂದಲೇ, “ಬರ್ತೀನಿ ಅಮ್ಮ” ಅಂದ. ಅವನು ನನ್ನನ್ನು ಎಂದೂ ಅಮ್ಮ ಎಂದು ಕರೆದವನಲ್ಲ.

ನವೆಂಬರ್ 17

ಬರೆದಿಲ್ಲ. ಬರೆಯಬೇಕು ಅನ್ನಿಸಲಿಲ್ಲ. ಕೆಲಸಕ್ಕೂ ಹೋಗಿಲ್ಲ, ನೆಗಡಿ ಎಂದು ಹೇಳಿ ಕಳಿಸಿದೆ.

ದೆವ್ವ ಭೂತ ನಂಬುವವಳಲ್ಲ ನಾನು. ಅಂಥವನ್ನು ನಂಬಿಸಿ ಹೊಟ್ಟೆ ಹೊರೆಯುವವರ ವಿರುದ್ಧವೂ ಒಂದು ಕರಪತ್ರ ಬರೆದಿದ್ದೇನೆ. ಆದರೆ ಇದು ಅಳತೆ. ಎರಡು ಪೆಟ್ಟಿಗೆ, ಒಂದು ಹೊಗೆ, ಇಬ್ಬರು ಸಾಕ್ಷಿ. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದೂ ಮೂಢನಂಬಿಕೆಯೇ.

ಬೆಳಗ್ಗೆ ಏಳುವಾಗ ಕೋಣೆ ಬೆಚ್ಚಗಿರುತ್ತದೆ. ಹೀಟರ್ ಮುಟ್ಟಿಲ್ಲ. ಮಾತಾಡಲು ಶುರು ಮಾಡಿದ್ದೇನೆ. ಮೊದಲು ನಾಚಿಕೆಯಾಯಿತು. ಈಗ ಇಲ್ಲ. “ಚಿಕ್ಕಮ್ಮ, ಇವತ್ತು ಬಿಸಿಲು ಚೆನ್ನಾಗಿದೆ.” “ಚಿಕ್ಕಮ್ಮ, ನಿನ್ನ ಕತ್ತರಿ ಎಲ್ಲಿಟ್ಟೆ?” ಉತ್ತರ ಬರುವುದಿಲ್ಲ. ಆದರೆ ಮಾತು ಗೋಡೆಗೆ ಬಡಿದು ವಾಪಸ್ಸೂ ಬರುವುದಿಲ್ಲ. ಯಾರೋ ಇಟ್ಟುಕೊಂಡ ಹಾಗೆ.

ಅಮ್ಮ ನನ್ನನ್ನು ಬಿಟ್ಟು ಹೋದಾಗ ನನಗೆ ಮಾತೂ ಬಾರದ ವಯಸ್ಸು. ಅಲ್ಲಿಂದ ಸಾಕಿದವಳು ಇವಳೇ. ಮದುವೆ ಬೇಡ ಅಂದಳು, ಅದೂ ನನಗೋಸ್ಕರ. ನಾನು ಹಠ ಮಾಡಿದ್ದಕ್ಕೆ ಹಳೇ ಬೀದಿಯ ಅಂಗಡಿ ಮುಚ್ಚಿ, ಹೊಲಿಗೆ ಯಂತ್ರ ಹೊರಿಸಿಕೊಂಡು ಈ ಬಡಾವಣೆಗೆ ಬಂದಳು. “ಭೂಮಿ ಉಳಿಸೋದಿದ್ರೆ ಉಳಿಸಮ್ಮ, ನನಗೆ ಕಾಲು ಚಾಚೋಕೆ ಜಾಗ ಇದ್ರೆ ಸಾಕು.” ಈ ಮನೆಯನ್ನು ಡಬ್ಬಿ ಎಂದು ಬೈಯುತ್ತಲೇ ಎಲ್ಲ ಮನೆಗಳ ದಪ್ಪ ಪರದೆಗಳನ್ನೂ ಹೊಲಿದಳು.

ಮನೆ ಅದರೊಳಗೆ ಉಸಿರಿರುವವರದ್ದು. ಇಲ್ಲಿ ಎರಡು ಉಸಿರಿದೆ. ನಿಯಮ ನನ್ನ ಪರವಾಗಿದೆ. ನಾನು ಯಾರ ಮನೆಯನ್ನೂ ಕಸಿದುಕೊಂಡಿಲ್ಲ.

ಇದನ್ನು ಎರಡು ಸಲ ಓದಿದೆ. ಸರಿಯಾಗಿಯೇ ಇದೆ. ಆದರೂ ಮತ್ತೆ ಮತ್ತೆ ಓದಬೇಕು ಅನ್ನಿಸುತ್ತದೆ.

ನವೆಂಬರ್ 19, ಮಧ್ಯಾಹ್ನ

ಬೇಕರಿಯವಳು ಬಂದಿದ್ದಳು. ಕೈಯಲ್ಲಿ ಬ್ರೆಡ್ಡು, ಹೆಗಲ ಮೇಲೆ ಕೂಸು. ಜಗಳಕ್ಕೇ ಬಂದಳು ಅಂದುಕೊಂಡು ಬಾಗಿಲಲ್ಲೇ ನಿಂತೆ.

“ಒಳಗೆ ಕರೀತೀಯೋ, ಇಲ್ಲಾ ಇಲ್ಲೇ ಭಾಷಣಾನೋ?”

“ಅಕ್ಕ, ನಿಯಮ ಏನಂದ್ರೆ…”

“ನಿಯಮ ಗೊತ್ತು ಮಾರಾಯ್ತಿ. ನಿನ್ನ ಹಕ್ಕು ನಿನಗಿರ್ಲಿ. ಮಗೂನ ಒಂದು ಗಳಿಗೆ ಬೆಚ್ಚಗೆ ಇಟ್ಕೊಳ್ತೀನಿ, ಅಷ್ಟೇ. ಅಲ್ಲಿ ನನ್ನ ಹಿಟ್ಟೂ ಉಬ್ಬೋದಿಲ್ಲ, ಇವಳ ಎದೆ ಹೇಗೆ ಬಿಡುತ್ತೆ ಹೇಳು.”

ಒಳಗೆ ಬಂದಳು. ಸುತ್ತ ನೋಡಲಿಲ್ಲ, ಆಸೆ ಹುಟ್ಟೀತು ಎಂದು ನೆಲ ನೋಡಿಕೊಂಡೇ ಕೂತಳು. ಕೂಸಿನ ಎದೆಯೊಳಗೆ ಗರಗರ ಸದ್ದು, ನೀರು ಮುಗಿದ ನಲ್ಲಿಯ ಹಾಗೆ. ಮಂಚದ ಮೇಲೆ ಮಲಗಿಸಿದಳು. ಅದು ಕೆಮ್ಮಿತು, ಅತ್ತಿತು, ಆಮೇಲೆ ಒಮ್ಮೆಲೇ ಸುಮ್ಮನಾಗಿ ಹೊಲಿಗೆ ಯಂತ್ರದ ಕಡೆ ತಿರುಗಿತು. ನಕ್ಕಿತು. ಯಾರೋ ಮುಖ ಬಾಗಿಸಿ ಆಡಿಸುತ್ತಿದ್ದರೆ ಮಕ್ಕಳ ಕಣ್ಣು ಓಡುತ್ತದಲ್ಲ, ಹಾಗೆ ಓಡುತ್ತಿತ್ತು.

ಪೆಟ್ಟಿಗೆಯಲ್ಲಿ ನಾಲ್ಕು ದೀಪ. ಅವಳೂ ನೋಡಿದಳು.

ನಿದ್ದೆ ಹೋದ ಕೂಸನ್ನು ಎತ್ತಿಕೊಂಡು ಹೊರಟಳು. ಹೊಸ್ತಿಲು ದಾಟಿದ್ದೇ ತಡ ಅದು ಕಿಟಾರನೆ ಕಿರುಚಿತು. ದಾರಿಯ ಕೊನೆಯವರೆಗೂ ಕೇಳಿಸಿತು. ಬಾಗಿಲು ಹಾಕಿದ ಮೇಲೆ ಕೇಳಿಸಲಿಲ್ಲ. ಈ ಮನೆಗಳ ಬಾಗಿಲು ಹಾಕಿದರೆ ಹೊರಗಿನದು ಏನೂ ಕೇಳಿಸುವುದಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೇವೆ.

ಬ್ರೆಡ್ಡು ಮೇಜಿನ ಮೇಲೇ ಇದೆ.

ನವೆಂಬರ್ 20

ಬೆಳಗ್ಗೆಯೇ ಟೀಚರಮ್ಮನ ಮನೆಗೆ ಹೋದೆ. ಬೇಕರಿಯವಳಿಗೆ ಕೊಡಿ ಎಂದು ಮನೆಯ ಕೀಲಿ ಕೈಗಿಟ್ಟೆ.

“ಅಳತೆ ಇಬ್ಬರು ಅಂತಿದೆ. ನೀನು ಬರೆದ ನಿಯಮ ನೀನೇ ಮುರೀತೀಯಾ?”

“ಮುರೀತೀನಿ.”

“ನಾಳೆ ಇನ್ನೊಬ್ಬರು ಮುರಿದ್ರೆ?”

“ಮಗು ಕೆಮ್ಮಿದ್ರೆ ಅವರೂ ಮುರೀಲಿ ಟೀಚರ್.”

ಕೀಲಿ ಅಂಗೈಯಲ್ಲೇ ತಿರುಗಿಸುತ್ತ ಕೂತರು. “ಹೋದ ವರ್ಷ ನೀನು ಬಾಯಿ ಮುಚ್ಚಿಸಿದ್ಯಲ್ಲ, ಆ ತಾತನ ಹತ್ರ ಒಂದು ಸಲ ಹೋಗಿ ಬಾ” ಅಂದರು. ಸರಿ ಅಂದೆ. ಹೋಗಿಲ್ಲ.

ಸಾಮಾನು ಏನು ಮಹಾ. ನನ್ನದೆಲ್ಲ ಎರಡು ಚೀಲ. ಆದರೆ ಕುರ್ಚಿಯನ್ನೂ ಹೊಲಿಗೆ ಯಂತ್ರವನ್ನೂ ಗಾಳಿಯಣ್ಣನ ಕೈಗಾಡಿಯಲ್ಲಿ ಹಾಕಿಸಿದೆ. ಅವನು ಕುರ್ಚಿ ಮುಟ್ಟಲಿಲ್ಲ, ನಾನೇ ಎತ್ತಿದೆ. ಭಾರವೇನೂ ಇರಲಿಲ್ಲ. ಖಾಲಿ ಮನೆಯ ನಡುವೆ ನಿಂತು ಹೇಳಿದೆ, “ಚಿಕ್ಕಮ್ಮ, ನಡಿ. ಚಿಕ್ಕ ಮನೆ, ಆದ್ರೆ ಕಿಟಕಿ ಬಿಸಿಲ ಕಡೆಗಿದೆ.” ಅವಳು ಬರುತ್ತಾಳೆ. ಅನುಮಾನವೇ ಇಲ್ಲ. ಹಳೇ ಬೀದಿಯನ್ನೇ ಬಿಟ್ಟು ನನ್ನ ಹಿಂದೆ ಬಂದವಳು, ಈ ನಾಲ್ಕು ಸಾಲು ದಾಟುವುದೇನು ದೊಡ್ಡದು.

ಮನೆಯನ್ನಷ್ಟೇ ಬಿಟ್ಟುಕೊಟ್ಟಿದ್ದೇನೆ. ಅವಳನ್ನಲ್ಲ.

ನವೆಂಬರ್ 21

ಒಂದು ದೀಪ.

ಪೆಟ್ಟಿಗೆಗೆ ಹೊಸ ಮನೆ ರೂಢಿಯಾಗಬೇಕು. ಕುರ್ಚಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ.

ನವೆಂಬರ್ 22

ಒಂದೇ. ಹೊಗೆಕಡ್ಡಿ ಹಚ್ಚಿ ಕುರ್ಚಿಯ ಮುಂದೆ ಹಿಡಿದೆ. ನೆಟ್ಟಗೆ ಸೂರಿನವರೆಗೆ ಹೋಯಿತು. ಕಡ್ಡಿ ಮುಗಿದು ಬೆರಳು ಸುಟ್ಟಿತು.

ಮಾತಾಡಿದರೆ ಗೋಡೆಯಿಂದ ವಾಪಸ್ಸು ಬರುತ್ತದೆ.

ನವೆಂಬರ್ 27

ಸಭಾಮನೆಗೆ ಟೇಪು ತರಲು ಹೋದವಳು ಬೋರ್ಡ್ ನೋಡಿದೆ. ನೋಡಬಾರದೆಂದೇ ಹೋಗಿದ್ದೆ. ನಮ್ಮ ಮನೆಗೆ — ಅವರ ಮನೆಗೆ — ನಾಲ್ಕು ದೀಪ.

ಇರುವವರು ಮೂವರು.

ಸಿಟ್ಟು ಬಂತು. ಕಾಲ ಹೆಬ್ಬೆರಳಿಂದ ನೆತ್ತಿಯವರೆಗೆ. ಇಪ್ಪತ್ತು ವರ್ಷ ನನ್ನ ಬೆನ್ನು ತಟ್ಟಿದವಳು. ನಾನು ಹೋಗೋಣ ಬಾ ಎಂದು ಕರೆದಾಗ ಕುರ್ಚಿ ಯಾಕೆ ಅಷ್ಟು ಹಗುರ ಇತ್ತು ಎಂಬುದು ಈಗ ತಿಳಿಯಿತು. ಅದರಲ್ಲಿ ಕೂತೇ ಇರಲಿಲ್ಲವಲ್ಲ ಅವಳು. ಅಲ್ಲೇ ಎಲ್ಲೋ ನಿಂತು ಕೂಸಿನ ದಾರಿ ನೋಡುತ್ತಿದ್ದಳು. ಯಾರಿಗೆ ಹೆಚ್ಚು ಬೇಕೋ ಅವರಿಗೆ ಮೊದಲು — ಊಟದ ಹೊತ್ತಿಗೂ ಬಿಡದೆ ನಾನು ಅವಳ ಕಿವಿಗೆ ತುಂಬಿದ ಮಾತು. ಸೂಜಿಗೆ ದಾರ ಪೋಣಿಸುತ್ತ ಹೂಂ ಹೂಂ ಎನ್ನುತ್ತಿದ್ದಳು. ಕೇಳುತ್ತಿಲ್ಲ ಅಂದುಕೊಂಡಿದ್ದೆ.

ಬಡಗಿ ಸಭಾಮನೆಯಲ್ಲೇ ಇದ್ದ, ಟೀಚರಮ್ಮನ ಮುಂದೆ. ಮುಖ ಬಿಳಿಚಿಕೊಂಡಿತ್ತು.

“ನಾವು ವಾಪಸ್ಸು ಹೋಗ್ತೀವಿ ಟೀಚರ್. ಥಂಡಿ ಆದ್ರೂ ಪರವಾಗಿಲ್ಲ. ತೊಟ್ಟಿಲು ತಾನಾಗೇ ತೂಗುತ್ತೆ. ಹೊದಿಕೆ ಮೇಲೆ ಬೆರಳಿನ ಗುರುತು ಮೂಡುತ್ತೆ, ಹೋಗುತ್ತೆ. ನನ್ನ ಹೆಂಡತಿ ಮಗೂನ ಎದೆಗೆ ಅವುಚಿಕೊಂಡು ಅಡುಗೆ ಮೂಲೇಲೆ ಕೂತಿರ್ತಾಳೆ. ಇವತ್ತೇ ಗಂಟುಮೂಟೆ ಕಟ್ತಿದ್ದೀವಿ.”

“ಕೆಮ್ಮು ಹೇಗಿದೆ?” ಅಂದೆ.

“ಕೆಮ್ಮು ನಿಂತಿದೆ” ಅಂದ. ಅದಕ್ಕೇ ಇನ್ನೂ ಹೆದರಿದವನ ಹಾಗೆ.

ಟೀಚರಮ್ಮ ನನ್ನ ಕಡೆ ತಿರುಗಿದರು. “ನೋಡಮ್ಮ, ಅವರು ಬಿಟ್ರೆ ನೀನೇ ಹೋಗಿಬಿಡು. ನೀನು ಹೋದ್ರೆ ಎರಡು ದೀಪ, ನಿಯಮಾನೂ ಸರಿಹೋಗುತ್ತೆ. ಯಾರೂ ಬಾಯಿ ತೆರೆಯೋ ಹಾಗಿಲ್ಲ.”

ತಲೆಯಾಡಿಸಿದ್ದರೆ ಸಾಕಿತ್ತು. ನಾಳೆ ಹೇಳುತ್ತೇನೆ ಅಂದು ಬಂದೆ. ಇವತ್ತು ಮಾತ್ರ ಹೋಗಬೇಡಿ ಎಂದು ಬಡಗಿಗೆ ಹೇಳಿದೆ. ಯಾಕೆ ಹೇಳಿದೆನೋ. ಸುಮ್ಮನಿದ್ದರೆ ಈ ಹೊತ್ತಿಗೆ ಕುರ್ಚಿ ವಾಪಸ್ಸು ಹೊರಿಸುತ್ತಿದ್ದೆ.

ನವೆಂಬರ್ 28

ಹೋದೆ.

ಬೇಕರಿಯವಳು ಬಾಗಿಲು ತೆಗೆದಳು, ಗಂಟುಗಳ ನಡುವೆ. ಕಣ್ಣು ಕೆಂಪಗಿತ್ತು. ನಾನು ಕೂರಲಿಲ್ಲ. ಕೂತರೆ ಏಳಲಾರೆ ಎಂದು ಗೊತ್ತಿತ್ತು.

“ಅಕ್ಕ, ಅದು ನನ್ನ ಚಿಕ್ಕಮ್ಮ.”

“ಗೊತ್ತು. ಗಾಳಿಯಣ್ಣ ಹೇಳಿದ. ಅವರನ್ನ ಕರ್ಕೊಂಡು ಹೋಗಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ನಿನ್ನ ಮಾತು ಕೇಳ್ತಾರೆ.”

“ಕೇಳೋದಿದ್ರೆ ಹೋದ ವಾರಾನೇ ಬರ್ತಿದ್ಲು.”

ತೊಟ್ಟಿಲಲ್ಲಿ ಕೂಸು ಎಚ್ಚರವಿತ್ತು. ಹೊದಿಕೆ ಎದೆಯ ಮೇಲೆ ಒಂದಿಷ್ಟು ತಗ್ಗುತ್ತಿತ್ತು, ಏಳುತ್ತಿತ್ತು. ಎರಡು ಸಲ ಮೆಲ್ಲಗೆ, ಒಂದು ಸಲ ಗಟ್ಟಿಯಾಗಿ. ಮತ್ತೆ ಎರಡು ಮೆಲ್ಲಗೆ. ನನ್ನ ಬೆನ್ನಿಗೆ ಆ ತಾಳ ಗೊತ್ತು. ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಕೈಗೂ ಅದೇ ತಾಳ ಹತ್ತಿಬಿಟ್ಟಿತ್ತು.

“ಹೀಗೇ ಇವಳ ಎದೆ ಒತ್ತಿಬಿಟ್ರೆ?” ಪಿಸುಗುಟ್ಟಿದಳು ಬೇಕರಿಯವಳು.

“ಒತ್ತಲ್ಲ ಅಕ್ಕ. ನನಗೆ ಎದೆ ಕಟ್ಟಿದಾಗೆಲ್ಲ ಹೀಗೇ ತಟ್ತಿದ್ಲು. ನಿದ್ದೆ ಬಂದ ಮೇಲೂ ನಿಲ್ಲಿಸ್ತಿರಲಿಲ್ಲ. ಸಾಕು ಅಂದ್ರೆ ನಿಲ್ಲಿಸ್ತಾಳೆ. ಬೈದ್ರೂ ಬೇಜಾರು ಮಾಡ್ಕೊಳ್ಳಲ್ಲ. ಮೂಕಿ ಹಾಗೆ ಕೂತು ಹೆದರಬೇಡ, ಮಾತಾಡಿಸು. ಮಾತಾಡಿಸೋರು ಅಂದ್ರೆ ಪ್ರಾಣ ಅವಳಿಗೆ.”

ಪ್ರಾಣ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳಿಗೆ ನಗು ಬಂತು, ಅಳುವಿನೊಳಗೇ.

“ಏನಂತ ಕರೀಲಿ?”

ನನ್ನ ಚಿಕ್ಕಮ್ಮ ಎನ್ನಬೇಕೆಂದಿದ್ದೆ. ನಾಲಿಗೆ ತುದಿಗೆ ಬಂದಿತ್ತು.

“ಮಗುವಿಗೆ ಅಜ್ಜಿ ಆಗ್ತಾಳೆ. ನೀನು ಅಮ್ಮ ಅನ್ನು.”

ಬೇಕರಿಯವಳು ತೊಟ್ಟಿಲ ಹತ್ತಿರ ಹೋಗಿ ಕೈ ಜೋಡಿಸಿದಳೋ ಕೈ ಹಿಸುಕಿಕೊಂಡಳೋ, ತಿಳಿಯಲಿಲ್ಲ. “ಅಮ್ಮ” ಅಂದಳು. “ಸಾಕು ಈಗ. ಹಾಲು ಕುಡಿಸ್ಬೇಕು.” ಹೊದಿಕೆ ಏಳಲಿಲ್ಲ, ತಗ್ಗಲಿಲ್ಲ. ನಿಂತಿತು. ಅವಳು ಕೂಸನ್ನು ಎತ್ತಿಕೊಂಡಳು. ಬಡಗಿ ಬಾಗಿಲ ಹತ್ತಿರವೇ ನಿಂತಿದ್ದ. ಆಮೇಲೆ ಬಂದು ಒಂದು ಗಂಟು ಬಿಚ್ಚಿದ.

ಚಿಕ್ಕಮ್ಮ ನನ್ನ ಕಡೆ ಬರಲಿಲ್ಲ. ಬಂದಿದ್ದರೆ ಬಿಸಿ ತಿಳಿಯುತ್ತಿತ್ತು. ಬಾಗಿಲವರೆಗೂ ಬೇಕೆಂದೇ ನಿಧಾನ ನಡೆದೆ.

ಪೆಟ್ಟಿಗೆಯಲ್ಲಿ ಐದು ದೀಪ. ನಾನು ಹೊರಗೆ ಬಂದೆ, ನಾಲ್ಕಾಗಿರಬೇಕು.

ಡಿಸೆಂಬರ್ 3

ಕುರ್ಚಿ ಅವರಿಗೆ ಕಳಿಸಿದೆ. ಯಂತ್ರ ಇಟ್ಟುಕೊಂಡೆ. ಹೊಲಿಯಲು ಬಾರದು, ಕಲಿಯಬೇಕು.

ಹೀಟರ್ ಹಚ್ಚಿದ್ದೇನೆ. ಈ ಚಳಿಗಾಲಕ್ಕೆ ಇದೇ ಮೊದಲು. ಎಲ್ಲರ ಪಾಲಿನಿಂದ ಎಂದು ಗೊತ್ತು. ಆದರೂ ಕೈ ಬೆಚ್ಚಗಾಗುತ್ತಿಲ್ಲ.

ಬೇಕರಿಯವಳು ದಾರಿಯಲ್ಲಿ ಸಿಕ್ಕಳು. ನಿಲ್ಲಿಸಿ ನಿಲ್ಲಿಸಿ ಹೇಳಿದಳು: ಅಮ್ಮ ಹೀಗೆ ಮಾಡಿದರು, ಅಮ್ಮ ಹಾಗೆ ಮಾಡಿದರು, ಮಗು ಕುರ್ಚಿಯ ಕಡೆ ಕೈ ಚಾಚುತ್ತದೆ, ಎತ್ತಿಕೊ ಎನ್ನುವ ಹಾಗೆ. ಹೂಂ ಹೂಂ ಅಂದೆ. “ಭಾನುವಾರ ಬಾರೇ, ನಿನ್ನ ನೋಡಿದ್ರೆ ಅವರಿಗೂ ಖುಷಿ ಆಗುತ್ತೆ” ಅಂದಳು. ಬರುತ್ತೇನೆ ಅಂದಿದ್ದೇನೆ.

ಹೋಗಬೇಕು. ಆದರೆ ಈಗ ಅವಳಿಗೆ ಹೊಸ ಮಗು, ಹೊಸ ಮಗಳು. ಮನೆ ತುಂಬ ಉಸಿರು. ನಾನು ಬಾಗಿಲಲ್ಲಿ ನಿಂತು ಚಿಕ್ಕಮ್ಮ ಎಂದು ಕರೆದಾಗ ಅವಳಿಗೆ ನನ್ನ ಗುರುತು ಸಿ—

ಬೆನ್ನ ಮೇಲೆ ಎರಡು ಸಲ ಮೆಲ್ಲಗೆ, ಒಂದು ಸಲ ಗಟ್ಟಿಯಾಗಿ ತಟ್ಟಿದ ಹಾಗಾಯಿತು.